ಭಾಷಣದೊಳಗಿನ ‘ನಾವು’

ಕಳೆದ ಚುನಾವಣೆಯ ಹೊತ್ತಿನಲ್ಲಿ, ಒಂದು ಸಂಜೆ, ಡೊಂಬಿವಲಿ ಪಶ್ಚಿಮದ ಭಾಗಶಾಲಾ ಮೈದಾನದಲ್ಲಿ ನಡೆದ ಪ್ರಚಾರ ಸಭೆಯೊಂದಕ್ಕೆ ನಮ್ಮ ಬಳಗದ ಐವರು ಹೋಗಿದ್ದೆವು. ಆ ಪಕ್ಷದ ಅಭಿಮಾನದಿಂದ ಹೋದವರಲ್ಲ. ವಿರೋಧದಿಂದ ಹೋದವರೂ ಅಲ್ಲ. ಬಳಗದ ತಿಂಗಳ ಸಭೆಗೆ ‘ಮಾತಿನ ಶಕ್ತಿ’ ಎಂಬ ವಿಷಯವನ್ನು ಆರಿಸಿಕೊಂಡಿದ್ದೆವು. ಗ್ರಂಥದ ಮಾತನ್ನಷ್ಟೇ ಚರ್ಚಿಸುವ ಬದಲು ಮೈದಾನದ ಮಾತನ್ನೂ ಒಮ್ಮೆ ಕೇಳಿ ಬರೋಣವೆಂದು ಹಿರಿಯರೊಬ್ಬರು ಸೂಚಿಸಿದರು. ಹೋದೆವು, ಕೇಳಿ ಬಂದೆವು. ಬಂದ ಮೇಲೆ ಒಂದು ಸಂಗತಿ ನಮ್ಮನ್ನು ಬಹುದಿನ ಕಾಡಿತು. ಭಾಷಣದ ಒಂದು ಘಟ್ಟದಲ್ಲಿ ನಾವು ಚಪ್ಪಾಳೆ ತಟ್ಟಿದ್ದೆವು. ಯಾವ ಮಾತಿಗೆ ತಟ್ಟಿದೆವೆಂಬುದನ್ನು ಮರುದಿನ ನೆನೆದಾಗ ಒಬ್ಬರ ಮುಖವನ್ನೊಬ್ಬರು ನೋಡಲು ಸಂಕೋಚವಾಯಿತು. ಆ ಸಂಕೋಚದ ಬೇರನ್ನು ಹುಡುಕುವುದೇ ಈ ಬರಹದ ಉದ್ದೇಶ. ಭಾಷಣಕಾರರ ಹೆಸರು, ಪಕ್ಷದ ಹೆಸರು ಇಲ್ಲಿ ಅನಗತ್ಯ; ಅಂತಹ ಭಾಷಣವನ್ನು ಎಲ್ಲ ಪಕ್ಷದವರೂ ಬಲ್ಲರು.

ನಾಯಕರು ಒಂದೂವರೆ ಗಂಟೆ ತಡವಾಗಿ ಬಂದರು. ಅಷ್ಟು ಹೊತ್ತು ಢೋಲ್-ತಾಶಾ ಮೊಳಗುತ್ತಿತ್ತು. ವೇದಿಕೆಯ ಹಿಂದೆ ಛತ್ರಪತಿ ಶಿವಾಜಿ ಮಹಾರಾಜರ ಆಳೆತ್ತರದ ಚಿತ್ರ, ಎರಡೂ ಬದಿಗೆ ದೊಡ್ಡ ಪರದೆಗಳು. ನಾಯಕರು ವೇದಿಕೆಯ ಹಿಂಬದಿಯಿಂದ ಹತ್ತದೆ, ಜನರ ನಡುವಿನ ದಾರಿಯಲ್ಲಿಯೇ ಕೈಮುಗಿಯುತ್ತ ನಡೆದು ಬಂದರು. ತೊಡಿಸಿದ ಪೇಟವನ್ನು ಕ್ಷಣಕಾಲ ಧರಿಸಿ, ತೆಗೆದು, ಮುಂದಿನ ಸಾಲಿನ ವೃದ್ಧರೊಬ್ಬರ ತಲೆಗಿಟ್ಟರು. ಭಾಷಣ ಇನ್ನೂ ಆರಂಭವಾಗಿರಲಿಲ್ಲ. ಆದರೂ ಅರ್ಧ ಭಾಷಣ ಆಗಲೇ ಮುಗಿದಿತ್ತು.

ಬಳಗದ ಸಭೆಯಲ್ಲಿ ಆ ಭಾಷಣವನ್ನು ಮೂರು ಬಗೆಯಲ್ಲಿ ಪರಿಶೀಲಿಸಿದೆವು. ಕಿರಿಯ ಸದಸ್ಯರೊಬ್ಬರು ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡಿದ್ದರು. ಮೊದಲು ಚಿತ್ರವನ್ನು ಮುಚ್ಚಿ ಧ್ವನಿಯನ್ನಷ್ಟೇ ಕೇಳಿದೆವು. ಬಳಿಕ ಧ್ವನಿಯನ್ನು ಅಡಗಿಸಿ ಚಿತ್ರವನ್ನಷ್ಟೇ ನೋಡಿದೆವು. ಕೊನೆಗೆ, ಮಾತನ್ನೆಲ್ಲ ಕಾಗದಕ್ಕಿಳಿಸಿ ಓದಿದೆವು. ಕರಾವಳಿಯಿಂದ ಬಂದವರಿಗೆ ಈ ಕ್ರಮ ಹೊಸದೇನಲ್ಲ. ವೇಷ, ಕುಣಿತ, ಬಣ್ಣ ಯಾವುದೂ ಇಲ್ಲದೆ ಮಾತಿನಿಂದಲೇ ಲೋಕವನ್ನು ನಿಲ್ಲಿಸುವ ತಾಳಮದ್ದಳೆಯನ್ನೂ, ವೇಷದ ಬೆಡಗಿನಿಂದ ಕಣ್ಣು ತುಂಬುವ ಬಯಲಾಟವನ್ನೂ ಬೇರೆಬೇರೆಯಾಗಿ ಸವಿಯಲು ನಾವು ಎಳವೆಯಲ್ಲಿಯೇ ಕಲಿತವರು.

ಕಾಗದದ ಮೇಲೆ ಓದಿದಾಗ ಆ ಭಾಷಣ ಬಡವಾಗಿ ಕಂಡಿತು. ಅಂಕಿಅಂಶಗಳು ಎರಡೇ ಎರಡು. ಅವೂ ಭರವಸೆಯ ಅಂಕಿಗಳು. ವಾದವೆಂದು ಕರೆಯಬಹುದಾದುದು ನಾಲ್ಕು ವಾಕ್ಯಕ್ಕಿಂತ ಹೆಚ್ಚಿರಲಿಲ್ಲ. ಧ್ವನಿಯಲ್ಲಿ ಕೇಳಿದಾಗ ಮಾತ್ರ ಅದೇ ಬಡ ವಾಕ್ಯಗಳು ಎದ್ದು ನಿಂತವು. ಒಂದೇ ಪ್ರಶ್ನೆಯನ್ನು ಅವರು ಮೂರು ಬಾರಿ ಕೇಳುತ್ತಿದ್ದರು. ಮೊದಲ ಬಾರಿ ಮೆಲ್ಲಗೆ, ಎರಡನೆಯ ಬಾರಿ ಗಟ್ಟಿಯಾಗಿ, ಮೂರನೆಯ ಬಾರಿ ಕೊನೆಯ ಪದವನ್ನು ಬಿಟ್ಟು. ಬಿಟ್ಟ ಪದವನ್ನು ಜನ ತುಂಬುತ್ತಿದ್ದರು. ತಾನೇ ನುಡಿದ ಮಾತನ್ನು ಯಾರು ತಾನೆ ಅಲ್ಲಗಳೆಯುತ್ತಾರೆ? ಬೆಳಗಿನ ಲೋಕಲ್ ಗಾಡಿಯ ಬಾಗಿಲಿನಲ್ಲಿ ಜೋತು ನಿಲ್ಲುವ ಡೊಂಬಿವಲಿಕರನ ಪಾಡನ್ನು ಅವರು ಬಣ್ಣಿಸಿದಾಗ ನಮ್ಮಲ್ಲೊಬ್ಬರ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷ ಆ ಬಾಗಿಲಿನಲ್ಲಿ ನಿಂತವರು ಅವರು. ನೋವು ನಿಜವಾದುದು. ನಿಜವಾದ ನೋವನ್ನು ಮುಟ್ಟದ ಯಾವ ಭಾಷಣವೂ ಗೆಲ್ಲುವುದಿಲ್ಲ. ಆ ನೋವಿನ ಕೈ ಹಿಡಿದು ನಮ್ಮನ್ನು ಎಲ್ಲಿಗೆ ಕರೆದೊಯ್ಯಲಾಗುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಕರೆದೊಯ್ದದ್ದು ಸರ್ವನಾಮಗಳು. ಇದನ್ನು ನಾವು ಕಂಡುಕೊಂಡದ್ದು ಮಾತನ್ನು ಬರೆದು ನೋಡಿದಾಗ. ಮರಾಠಿಯಲ್ಲಿ ‘ನಾವು’ ಎಂಬುದಕ್ಕೆ ಎರಡು ಪದಗಳಿವೆ. ಕೇಳುವವನನ್ನು ಹೊರಗಿಟ್ಟು ಹೇಳಿದರೆ ‘ಆಮ್ಹೀ’. ಒಳಗಿಟ್ಟು ಹೇಳಿದರೆ ‘ಆಪಣ್’. ಗೌರವದಿಂದ ‘ತಾವು’ ಎನ್ನುವಾಗಲೂ ಮರಾಠಿಗರು ‘ಆಪಣ್’ ಎನ್ನುತ್ತಾರೆ. ತುಳುವಿನಲ್ಲಿಯೂ ಈ ಭೇದವುಂಟು: ‘ಎಂಕುಲು’ ಎಂದರೆ ನೀನಿಲ್ಲದ ನಾವು, ‘ನಮ’ ಎಂದರೆ ನೀನೂ ಇರುವ ನಾವು. ಇಂದಿನ ಕನ್ನಡದಲ್ಲಿ ಒಂದೇ ‘ನಾವು’ ಎರಡೂ ಕೆಲಸ ಮಾಡುತ್ತದೆ. ನಾಯಕರ ಭಾಷಣದ ಮೊದಲ ಭಾಗದಲ್ಲಿ ‘ಮೀ’ ತುಂಬಿತ್ತು: ನಾನು, ನನ್ನ ತಾಯಿ, ನನ್ನ ಚಾಳಿನ ಒಂದೇ ಕೋಣೆ. ನಡುವಿನಲ್ಲಿ ‘ಮೀ’ ಸದ್ದಿಲ್ಲದೆ ‘ಆಪಣ್’ ಆಯಿತು. ಐದು ಜನ ಕನ್ನಡಿಗರೂ ಆ ಪದದೊಳಗೆ ಸೇರಿಕೊಂಡೆವು. ಎಷ್ಟೋ ದಶಕ ಈ ಊರಿನಲ್ಲಿ ಬಾಳಿ, ಮಕ್ಕಳನ್ನು ಬೆಳೆಸಿ, ಫಡಕೆ ರಸ್ತೆಯ ಯುಗಾದಿ ಮೆರವಣಿಗೆಯಲ್ಲಿ ನಡೆದವರಿಗೆ ವೇದಿಕೆಯಿಂದ ‘ಆಪಣ್’ ಎಂದು ಕರೆಸಿಕೊಳ್ಳುವುದು ಸಣ್ಣ ಸುಖವಲ್ಲ. ಅದಾದ ಮೇಲೆ ಮೂರನೆಯ ಸರ್ವನಾಮ ಬಂತು: ‘ತೇ’. ಅವರು. ಹೊರಗಿನಿಂದ ಬಂದವರು, ಗಾಡಿ ತುಂಬಿದವರು, ಕೆಲಸ ಕಿತ್ತುಕೊಂಡವರು. ಆ ‘ಅವರು’ ಯಾರೆಂದು ಭಾಷಣದ ಕೊನೆಯವರೆಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪ್ರತಿಯೊಬ್ಬನೂ ತನಗೆ ಬೇಕಾದ ಮುಖವನ್ನು ಅಲ್ಲಿಟ್ಟುಕೊಂಡ. ನಾವು ಚಪ್ಪಾಳೆ ತಟ್ಟಿದ್ದು ಆಗ.

ಧ್ವನಿಯಿಲ್ಲದ ಚಿತ್ರ ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸಿತು. ‘ಆಪಣ್’ ಎಂಬಾಗ ನಾಯಕರ ಅಂಗೈ ತೆರೆದು ಎದೆಯ ಬಳಿ ಬರುತ್ತಿತ್ತು. ‘ತೇ’ ಎಂಬಾಗ ತೋರುಬೆರಳು ನಮ್ಮೆಲ್ಲರ ತಲೆಯ ಮೇಲಿನಿಂದ ಮೈದಾನದಾಚೆಯ ಕತ್ತಲೆಯನ್ನು ತೋರುತ್ತಿತ್ತು. ಅದೇ ಕ್ಷಣದಲ್ಲಿ ಬದಿಯ ಪರದೆಗಳಲ್ಲಿ ನಾಯಕರ ಮುಖ ಮರೆಯಾಗಿ ಜನರ ಮುಖಗಳು ಮೂಡುತ್ತಿದ್ದವು. ಸಾವಿರ ಜನ ತಮ್ಮದೇ ಒಗ್ಗಟ್ಟನ್ನು ಬೆಳಕಿನಲ್ಲಿ ನೋಡುತ್ತಿದ್ದರು. ‘ಅವರು’ ಇದ್ದದ್ದು ಬೆಳಕಿಲ್ಲದ ಕಡೆ.

ಈ ಹಂತದಲ್ಲಿ ನಮ್ಮ ಹಿರಿಯರು ಮಾತಾಡಿದರು. ಅವರು ಅರವತ್ತರ ದಶಕದಲ್ಲಿ ಮುಂಬಯಿಯ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿದವರು. ‘ಆ ಬೆರಳನ್ನು ನಾನು ಬಲ್ಲೆ, ಆಗ ಅದು ನನ್ನ ಕಡೆಗಿತ್ತು’ ಎಂದರು.

ಆ ಇತಿಹಾಸವನ್ನು ನಮ್ಮಲ್ಲಿ ಹಲವರು ಮರೆತಿದ್ದೆವು. ಬಾಳ ಠಾಕರೆಯವರು ರಾಜಕಾರಣಿಯಾಗುವ ಮೊದಲು ವ್ಯಂಗ್ಯಚಿತ್ರಕಾರರು. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣರ ಸಹೋದ್ಯೋಗಿಯಾಗಿದ್ದವರು. 1960ರಲ್ಲಿ ಅವರು ಆರಂಭಿಸಿದ ‘ಮಾರ್ಮಿಕ್’ ವಾರಪತ್ರಿಕೆ, ಮುಂಬಯಿಯ ಕಚೇರಿಗಳಲ್ಲಿದ್ದ ಮರಾಠಿಯೇತರ ಅಧಿಕಾರಿಗಳ ಹೆಸರುಗಳ ಪಟ್ಟಿಯನ್ನು ‘ವಾಚಾ ಆಣಿ ಥಂಡ್ ಬಸಾ’ (ಓದಿ, ತೆಪ್ಪಗಿರಿ) ಎಂಬ ಚುಚ್ಚುಮಾತಿನ ಶೀರ್ಷಿಕೆಯಲ್ಲಿ ಪ್ರಕಟಿಸುತ್ತಿತ್ತು. ಬರಿಯ ಹೆಸರುಗಳು, ಆರೋಪವಿಲ್ಲ, ವಾದವಿಲ್ಲ. ಪಟ್ಟಿಯೇ ವಾದ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಅದರ ಮೊದಲ ದೊಡ್ಡ ಸಭೆ ನಡೆಯಿತು. ಆ ಕಾಲದ ಘೋಷಣೆ ‘ಹಟಾವೋ ಲುಂಗಿ, ಬಜಾವೋ ಪುಂಗಿ’. ವ್ಯಂಗ್ಯಚಿತ್ರಕಾರನ ಕೌಶಲವೇ ಅದರಲ್ಲಿದೆ. ಮನುಷ್ಯನ ಒಂದು ಅಂಶವನ್ನು ಎತ್ತಿಕೊಂಡು ಅದನ್ನೇ ಮನುಷ್ಯನನ್ನಾಗಿಸುವುದು. ತಮಿಳನು, ಮಲಯಾಳಿ, ತುಳುವ, ಕನ್ನಡಿಗ ಎಲ್ಲರೂ ಒಂದು ಲುಂಗಿಯಾದರು. ಅವರಾಡುವ ನುಡಿಗಳೆಲ್ಲ ‘ಯಂಡುಗುಂಡು’ ಆದವು. ಪ್ರಾಸ ಇರುವುದರಿಂದ ಮಕ್ಕಳೂ ಹೇಳಬಲ್ಲರು. 1969ರ ಫೆಬ್ರವರಿಯಲ್ಲಿ ಗಡಿವಿವಾದದ ಹೆಸರಿನಲ್ಲಿ ಮುಂಬಯಿಯಲ್ಲಿ ಗಲಭೆಯೆದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ನಮ್ಮ ಹಿರಿಯರು ಎರಡು ರಾತ್ರಿ ಹೋಟೆಲಿನ ಅಟ್ಟದಲ್ಲಿ ಅಕ್ಕಿಮೂಟೆಗಳ ನಡುವೆ ಮಲಗಿದ್ದರಂತೆ. ಹೊರಗೆ ಅರ್ಧ ಎಳೆದ ಶಟರಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತವರು ದಿನವೂ ಚಹಾಕ್ಕೆ ಬರುತ್ತಿದ್ದ ಮರಾಠಿ ಗಿರಣಿ ಕೆಲಸಗಾರರೊಬ್ಬರು.

ಆಗಿನ ಮರಾಠಿ ತರುಣರ ನಿರುದ್ಯೋಗವೂ ನಿಜವಾದ ನೋವೇ. ಅದನ್ನು ಅಲ್ಲಗಳೆದರೆ ನಮ್ಮ ವಿಶ್ಲೇಷಣೆ ಏಕಪಕ್ಷೀಯವಾದೀತು. ಗಮನಿಸಬೇಕಾದದ್ದು ಮುಂದೆ ನಡೆದ ಪಲ್ಲಟ. ಎಂಬತ್ತರ ದಶಕದ ಬಳಿಕ ಅದೇ ಶಿವಾಜಿ ಪಾರ್ಕಿನ ದಸರಾ ಸಭೆಯಲ್ಲಿ ಠಾಕರೆಯವರ ಸಂಬೋಧನೆ ‘ಮಾಝ್ಯಾ ತಮಾಮ್ ಹಿಂದೂ ಬಾಂಧವಾಂನೋ’ ಎಂದು ಪ್ರಸಿದ್ಧವಾಯಿತು. ಆ ಒಂದು ಪದ ಬದಲಾಗುವುದರೊಂದಿಗೆ ನಿನ್ನೆ ಲುಂಗಿಯಾಗಿದ್ದ ನಮ್ಮಲ್ಲಿ ಬಹುಪಾಲು ಜನ ಸದ್ದಿಲ್ಲದೆ ಒಳಗಾದೆವು; ಬೇರೆ ಯಾರೋ ಹೊರಗಾದರು. 2008ರ ಅಕ್ಟೋಬರಿನಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆಗೆಂದು ಬಂದ ಉತ್ತರ ಭಾರತದ ಹುಡುಗರು ಪೆಟ್ಟು ತಿಂದರು. ಅಷ್ಟರಲ್ಲಿ ನಾವು ನೋಡುವವರ ಸಾಲಿಗೆ ಸೇರಿದ್ದೆವು. ಒಳಗೆ ಬಂದವನಿಗೆ ಬಾಗಿಲಿನ ಹೊರಗಿನ ಚಳಿ ಎಷ್ಟು ಬೇಗ ಮರೆಯುತ್ತದೆ!

ತಾಳಮದ್ದಳೆಯ ನೆನಪು ಮತ್ತೆ ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಪರ ವಾದಿಸಿದಾಗ ರಾಮನೇ ತಪ್ಪಿತಸ್ಥನೆನ್ನಿಸುತ್ತಿತ್ತು. ಆದರೆ ಎದುರಿಗೆ ರಾಮನ ಅರ್ಥಧಾರಿ ಕುಳಿತೇ ಇರುತ್ತಿದ್ದರು, ಉತ್ತರ ಕೊಡುತ್ತಿದ್ದರು. ಕೇಳುಗರು ಎರಡನ್ನೂ ತೂಗಿ ಮನೆಗೆ ಹೋಗುತ್ತಿದ್ದರು. ಮೈದಾನದ ಸಭೆಯಲ್ಲಿ ಎದುರಿನ ಆಸನ ಖಾಲಿ. ಬೆರಳು ಯಾರನ್ನು ತೋರಿಸುತ್ತದೆಯೋ ಅವನಿಗೆ ಅಲ್ಲಿ ಅರ್ಥ ಹೇಳುವ ಅವಕಾಶವಿಲ್ಲ. ಆದ್ದರಿಂದ ಆ ಖಾಲಿ ಆಸನದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಕೇಳುವುದು ಕೇಳುಗನ ಹೊಣೆಯಾಗುತ್ತದೆ. ‘ಆಪಣ್’ ಎಂಬ ಮಾತು ಕಿವಿಗೆ ಬಿದ್ದೊಡನೆ, ಇದರ ಹೊರಗೆ ನಿಂತವರು ಯಾರು ಎಂದು ಒಮ್ಮೆ ಕೇಳಿಕೊಂಡರೂ ಸಾಕು, ಕೈಗಳು ಅಷ್ಟು ಬೇಗ ಕೂಡಲಾರವು.

ಈ ಬರಹದ ಕರಡನ್ನು ಬಳಗದಲ್ಲಿ ಓದಿದಾಗ ಒಂದು ಆಕ್ಷೇಪ ಬಂತು. ಆ ಸಂಜೆ ನಮ್ಮೊಂದಿಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು, ‘ನಾವು ಚಪ್ಪಾಳೆ ತಟ್ಟಿದೆವು ಎಂದು ಬರೆದಿದ್ದೀರಲ್ಲ, ನಾನು ತಟ್ಟಿರಲಿಲ್ಲ’ ಎಂದರು. ಇಪ್ಪತ್ತೆಂಟು ವರ್ಷ ಅವರು ಕಲಿಸಿದ್ದು ಉತ್ತರದಿಂದ ಬಂದ ಕಟ್ಟಡ ಕಾರ್ಮಿಕರ, ತರಕಾರಿ ಮಾರುವವರ ಮಕ್ಕಳಿಗೆ. ನಾಯಕರು ‘ತೇ’ ಎಂದಾಗ ಅವರ ಕಣ್ಣಿಗೆ ಕಟ್ಟಿದ್ದು ತಮ್ಮ ಹಾಜರಿ ಪುಸ್ತಕವಂತೆ. ಒಂದೊಂದು ಹೆಸರೂ, ಆ ಹೆಸರಿಗೆ ‘ಹಾಜರ್’ ಎಂದ ದನಿಯೂ. ‘ನಿಮ್ಮ ನಾವು ಒಳಗೆ ನನ್ನನ್ನು ಸೇರಿಸುವಾಗಲಾದರೂ ಕೇಳಬಾರದಿತ್ತೇ?’ ಎಂದು ನಕ್ಕರು. ಯಾರೂ ನಗಲಿಲ್ಲ.

ಆದ್ದರಿಂದ ತಿದ್ದಿ ಬರೆಯುತ್ತಿದ್ದೇವೆ: ಆ ಸಂಜೆ ಐವರು ಹೋಗಿದ್ದೆವು, ಚಪ್ಪಾಳೆ ತಟ್ಟಿದವರು ನಾಲ್ವರು.