ಕೊಂಡಿ ಅದ ಏನು?

ಕೊನೆಕೊನೆಗೆ ನಮ್ಮ ಆಯಿಗೆ ಕಣ್ಣು ಮಂಜಾಗಿದ್ದವು. ಆದರೂ ಇಳಕಲ್ಲ ಸೀರೆಯ ಪರೀಕ್ಷೆಗೆ ನಿಲಂಗಾ ಕಡೆಯ ನಮ್ಮ ಬಳಗದವರು ಅವಳ ಹತ್ತಿರವೇ ಬರುತ್ತಿದ್ದರು. ಮಡಿಕೆ ಬಿಚ್ಚಿ, ಮೈಗೆ ಸೆರಗು ಕೂಡುವಲ್ಲಿ ಹೆಬ್ಬೆರಳು ಆಡಿಸುವಳು. ಸಣ್ಣ ದಿಂಡು ತಾಗಿತೋ, "ಹ್ಞಾಂ, ಕೊಂಡಿ ಅದ" ಎನ್ನುವಳು. ತಾಗದಿದ್ದರೆ ಮಾತಾಡದೆ ಮಡಚಿ ಕೊಡುವಳು.

ಅಸಲಿ ಇಳಕಲ್ಲ ಸೀರೆಯ ಮೈಗೂ ಸೆರಗಿಗೂ ಹಾಸು ಬೇರೆಬೇರೆ. ಮೈಯದು ಹೆಚ್ಚಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಸಿಕ್ಕಿಸಿ, ಎಳೆಗೆ ಎಳೆ ಕೂಡಿಸಬೇಕು. ಅದೇ ಕೊಂಡಿ. ಹಾಗಾಗಿ ಒಂದೊಂದು ಸೀರೆಗೂ ಹೊಸ ಹಾಸನ್ನೇ ಹೂಡಬೇಕು. ಎಂಥ ತಾಳ್ಮೆಯ ಕೆಲಸ! ಕೊಂಡಿ ಹಾಕಿದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು, ಅಪ್ಪಟ ಬಣ್ಣ. ಒಂದೇ ಹಾಸು ಉದ್ದಕ್ಕೂ ಓಡಿದ ಸೀರೆಯಲ್ಲಿ ಕೆಂಪಿನೊಳಗಿಂದ ಮೈಯ ಹಸಿರೋ ನೀಲಿಯೋ ಇಣುಕುತ್ತದೆ. ಆಯಿ ಅದನ್ನು ಬಿಸಿಲಿಗೆ ಹಿಡಿದು ನಮಗೆ ತೋರಿಸುತ್ತಿದ್ದಳು. ಸೆರಗಿನ ತೋಪುತೆನೆ, ಅಂಚಿನ ಚಿಕ್ಕಿ ಪರಾಸ, ಗೋಮಿ ಚಿತ್ತಾರಗಳೆಲ್ಲ ಅವಳಿಗೆ ಆಮೇಲಿನ ಮಾತು.

ಈಗ ಮಹಾರಾಷ್ಟ್ರದಲ್ಲಿರುವ ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯವು. ಗಡಿ ಬಿದ್ದ ಮೇಲೂ ಸೀರೆ ಅದೇ ಉಳಿಯಿತು. ಉಮರ್ಗಾದ ಕಡೆ ಮರಾಠಿ ಹೆಂಗಸರು ಅದನ್ನು ಇರಕಲ್ ಎಂದರು, ನಾವು ಇಳಕಲ್ಲ ಸೀರಿ ಎಂದೆವು. ಹೊಲದಲ್ಲಿ ಕಳೆ ಕೀಳುವಾಗ ಎರಡೂ ಮಾತಿನವರ ಸೊಂಟದಲ್ಲಿ ಒಂದೇ ಕೆಂಪು ಸೆರಗು.

ಆ ಸೀರೆಗಳು ಸವೆದು ಕೌದಿಯಾದವು. ನಮ್ಮ ಮನೆಯಲ್ಲೂ ಆಯಿಯ ಎರಡು ಸೀರೆ ಕತ್ತರಿಸಿದೆವು. ಬೇಡ ಅನ್ನಲು ನನಗೆ ಅಂದು ಬಾಯಿ ಬರಲಿಲ್ಲ, ಇಂದಿಗೂ ಅದು ಎದೆಯಲ್ಲಿ ಚುಚ್ಚುತ್ತದೆ. ಆ ಕೌದಿಯ ಒಂದು ಮೂಲೆಯಲ್ಲಿ ಗೇಣುದ್ದ ಕೊಂಡಿಯ ಸಾಲು ಉಳಿದಿದೆ. ರಾತ್ರಿ ಹೊದ್ದಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಹೋದ ವರ್ಷ ಮದುವೆಗೆಂದು ಸೀರೆ ತರಲು ಹೋದಾಗ "ಕೊಂಡಿ ಅದ ಏನು?" ಎಂದು ಕೇಳಿದೆ. ಅಂಗಡಿಯ ಹುಡುಗ ಪವರ್‌ಲೂಮಿನ ಹತ್ತು ಬಣ್ಣ ಹರವಿದ. ಕೊಂಡಿ ಎಂಬ ಮಾತನ್ನು ಅವನು ಕೇಳಿರಲಿಲ್ಲ. ಜೊತೆಗೆ ಬಂದ ನನ್ನ ತಂಗಿಯ ಮಗಳೂ ಕೇಳಿರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ನಿಮ್ಮ ಟ್ರಂಕಿನ ತಳದಲ್ಲಿ ಅಜ್ಜಿಯ ಇಳಕಲ್ಲ ಸೀರೆ ಇದ್ದರೆ ಕತ್ತರಿ ಇಡಬೇಡಿ. ಮನೆಯ ಹುಡುಗಿಯರನ್ನು ಕರೆದು, ಮೈಗೆ ಸೆರಗು ಕೂಡುವಲ್ಲಿ ಅವರ ಹೆಬ್ಬೆರಳು ಇಡಿಸಿ.