ಪ್ರನಾಳ ಶಿಶುವೂ ನಮ್ಮ ಕುತೂಹಲವೂ

ಕನ್ನಡದಲ್ಲಿ ‘ಬಂಜೆ’ ಎಂಬ ಪದವಿದೆ; ಅದಕ್ಕೆ ಸರಿಸಮನಾಗಿ ಗಂಡಸಿಗೆ ಅಂಟಿಸುವ ಪದ ಬಳಕೆಯಲ್ಲಿಲ್ಲ. ಭಾಷೆಯೇ ಹೆಣ್ಣಿನ ಮೇಲೆ ತೀರ್ಪು ಕೊಟ್ಟುಬಿಟ್ಟಂತಿದೆ. ಮಕ್ಕಳಾಗದಿರುವ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ದೋಷವೂ ಕಾರಣವಾಗಿರುತ್ತದೆ ಎಂಬುದನ್ನು ವೈದ್ಯವಿಜ್ಞಾನ ಎಂದೋ ಕಂಡುಕೊಂಡಿದೆ.

ಕಳೆದ ವರ್ಷ ನನ್ನ ಶಿಷ್ಯನೊಬ್ಬ ಪತ್ನಿಯೊಡನೆ ಮನೆಗೆ ಬಂದಿದ್ದ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಮದುವೆಯಾಗಿ ಒಂಬತ್ತು ವರ್ಷ. “ಮೇಷ್ಟ್ರೇ, ಊರ ಜಾತ್ರೆಗೆ ಹೋಗುವುದನ್ನೇ ಬಿಟ್ಟಿದ್ದೇವೆ. ತೊಂದರೆ ಇರುವುದು ನನ್ನಲ್ಲಿ. ಆದರೆ ‘ಏನಮ್ಮಾ, ವಿಶೇಷ ಇಲ್ಲವೇ?’ ಎಂದು ಎಲ್ಲರೂ ಕೇಳುವುದು ಇವಳನ್ನು” ಎಂದ. ಎರಡು ಬಾರಿ ಐವಿಎಫ್ ಚಿಕಿತ್ಸೆ ಫಲಿಸಿರಲಿಲ್ಲ.

ಈ ಚಿಕಿತ್ಸೆ ಸುಲಭದ್ದಲ್ಲ. ಹತ್ತು ಹನ್ನೆರಡು ದಿನ ಚುಚ್ಚುಮದ್ದು ನೀಡಿ ಹಲವು ಅಂಡಗಳನ್ನು ಪಕ್ವಗೊಳಿಸುತ್ತಾರೆ. ಸ್ಕ್ಯಾನಿಂಗ್ ನೆರವಿನಿಂದ ಸೂಜಿಯ ಮೂಲಕ ಅವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುಗಳೊಡನೆ ಸೇರಿಸುತ್ತಾರೆ. ವೀರ್ಯಾಣು ದುರ್ಬಲವಾಗಿದ್ದರೆ ಒಂದನ್ನೇ ಆರಿಸಿ ನೇರವಾಗಿ ಅಂಡದೊಳಗೆ ಸೇರಿಸುವ ‘ಇಕ್ಸಿ’ ವಿಧಾನವೂ ಇದೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಾಶಯಕ್ಕೆ ಸೇರಿಸಿದ ಮೇಲೆ ಸುಮಾರು ಎರಡು ವಾರ ಕಾಯಬೇಕು. ದೋಷ ಗಂಡನದ್ದಾದರೂ ಸೂಜಿಯ ನೋವು ಹೆಂಡತಿಗೇ!

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ‘ದುರ್ಗಾ’ ಜನಿಸಿದಳು. ಭ್ರೂಣವನ್ನು ಶೈತ್ಯೀಕರಿಸಿಟ್ಟು ಬಳಸಿದ್ದು ಅವರ ಹಿರಿಮೆ. ಸರ್ಕಾರಿ ತನಿಖಾ ಸಮಿತಿ ಅವರನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸವನ್ನು ವಿವರಿಸಲು ಅನುಮತಿಯೂ ದೊರೆಯಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಜನಿಸಿದ ಹರ್ಷಾ ಭಾರತದ ಮೊದಲ ಪ್ರನಾಳ ಶಿಶುವೆಂದು ಪ್ರಸಿದ್ಧಳಾದಳು. ಅದರ ಹಿಂದಿದ್ದ ವಿಜ್ಞಾನಿ ಡಾ. ಟಿ. ಸಿ. ಆನಂದ್ ಕುಮಾರ್ ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಅವರು ಎಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತಮಗೆ ಸಂದ ಗೌರವವನ್ನು ಹಕ್ಕುದಾರರಿಗೆ ಹಿಂದಿರುಗಿಸಿದ ಈ ದೊಡ್ಡತನ ಅಪರೂಪದ್ದು.

ಚಿಕಿತ್ಸೆಗೆ ಹೊರಟ ಶಿಷ್ಯರಿಗೆ ಎರಡು ಮಾತು. 2021ರ ಕಾಯಿದೆಯ ಪ್ರಕಾರ ಇಂಥ ಕ್ಲಿನಿಕ್‌ಗಳು ನೋಂದಣಿಯಾಗಿರಲೇಬೇಕು, ವಿಚಾರಿಸಿ. ವಯಸ್ಸಾದಂತೆ ಹೆಣ್ಣಿನ ಅಂಡಗಳ ಗುಣಮಟ್ಟ ಕುಗ್ಗುವುದರಿಂದ ಇಬ್ಬರೂ ಬೇಗನೆ ಪರೀಕ್ಷೆ ಮಾಡಿಸಿಕೊಳ್ಳಿ. ಎಲ್ಲ ಪ್ರಯತ್ನವೂ ಫಲಿಸುವುದಿಲ್ಲ. ಸಾಕು ಎನಿಸಿದಾಗ ನಿಲ್ಲಿಸುವುದು ಸೋಲೂ ಅಲ್ಲ.

ಬಂಧುಗಳಲ್ಲಿ ಒಂದೇ ವಿನಂತಿ: ಮಕ್ಕಳ ವಿಷಯವನ್ನು ಅವರಾಗಿ ಎತ್ತುವವರೆಗೆ ನಾವು ಎತ್ತುವುದು ಬೇಡ. ಎಲೆಯ ಮುಂದೆ ಕುಳಿತವರಿಗೆ ಪಾಯಸ ಬಡಿಸಿ, ಮಳೆ ಬೆಳೆ ವಿಚಾರಿಸಿ. ಅಷ್ಟು ಸಾಕು.