ಕೋಣೆಗೊಪ್ಪುವ ಬೂದುಬಣ್ಣ

ಬಿಳುಪಿಗೂ ಕಪ್ಪಿಗೂ ನಡುವೆ ಇರುವುದೆಲ್ಲ ಬೂದುಬಣ್ಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅಂಗಡಿಯವರು ಕೊಡುವ ಬಣ್ಣದ ಪಟ್ಟಿಯನ್ನು ಬಿಚ್ಚಿ ನೋಡಿದವರಿಗೆ ಆ ನಡುವಣ ದಾರಿ ಎಷ್ಟು ಉದ್ದವಾದುದೆಂಬುದು ತಿಳಿಯುತ್ತದೆ. ಒಂದು ಚೀಟಿಯಲ್ಲಿ ನೀಲಿಯ ಛಾಯೆ, ಇನ್ನೊಂದರಲ್ಲಿ ಹಸುರಿನ ಸುಳಿವು, ಮತ್ತೊಂದರಲ್ಲಿ ಕಾವಿಮಣ್ಣಿನ ನೆನಪು. ನಮ್ಮ ಹಿರಿಯರಿಗೆ ಈ ಭೇದಗಳು ತಿಳಿಯದೆ ಇರಲಿಲ್ಲ. ಬೂದುಗುಂಬಳದ ಮೇಲಣ ಹುಡಿ, ಪಾರಿವಾಳದ ರೆಕ್ಕೆ, ಆನೆಯ ಮೈ, ಆಷಾಢದ ಮೋಡ, ತಣ್ಣಗಾದ ಒಲೆಯ ಬೂದಿ, ಇವೆಲ್ಲವೂ ಬೂದುಬಣ್ಣಗಳೇ. ಆದರೂ ಒಂದನ್ನು ಮತ್ತೊಂದೆಂದು ಯಾವ ಗೃಹಿಣಿಯೂ ತಿಳಿಯಲಾರಳು.

ಇಂತಹ ಬಣ್ಣವೊಂದನ್ನು ಆರಿಸುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿತು. ಕೋಣೆಯನ್ನು ಅಲಂಕರಿಸಬೇಕೆಂಬ ಹಂಬಲದಿಂದ ಬಂದದ್ದಲ್ಲ. ನಮ್ಮದು ಮೈಸೂರಿನ ಹಳೆಯ ಮನೆ; ಕೆಂಪು ಗಾರೆಯ ನೆಲ, ತೇಗದ ಬಾಗಿಲುಗಳು. ಉತ್ತರದ ಕಡೆಗೆ ಕಿಟಕಿಯುಳ್ಳ ಕೋಣೆ ನಮ್ಮ ಅತ್ತೆಯವರದು. ಅವರಿಗೆ ಈಗ 81 ವರ್ಷ. ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿತ್ತು. ಕಳೆದ ಶ್ರಾವಣದಲ್ಲಿ ಒಂದು ಮುಸ್ಸಂಜೆ, ದೀಪದ ಗುಂಡಿಯನ್ನು ಹುಡುಕುತ್ತ ಗೋಡೆಯನ್ನು ತಡವಿಕೊಂಡು ಹೋದವರು ಮಂಚದ ಕಾಲನ್ನು ಎಡವಿ ಬಿದ್ದರು; ಎಡಗೈಯ ಮಣಿಕಟ್ಟು ಮುರಿಯಿತು. ಕೈಯೇನೋ ಕೆಲವು ವಾರಗಳಲ್ಲಿ ಕೂಡಿಕೊಂಡಿತು, ಆದರೆ ಹೋದ ಧೈರ್ಯ ಮರಳಲಿಲ್ಲ. ಅಲ್ಲಿಂದ ಮುಂದೆ ಹೊತ್ತು ಮುಳುಗಿತೆಂದರೆ ಅವರು ಒಬ್ಬರೇ ಕೋಣೆಗೆ ಹೋಗರು. ಯಾರಾದರೂ ಬಂದು ದೀಪ ಹಾಕಲಿ ಎಂದು ನಡುಮನೆಯಲ್ಲಿ ಕಾದು ಕುಳಿತಿರುವರು. ಸೊಸೆಯಾಗಿ ಬಂದು ಐವತ್ತೆಂಟು ವರ್ಷ ಓಡಾಡಿದ ಮನೆಯಲ್ಲಿಯೇ ಹೀಗೆ ಕಾಯಬೇಕಾಗಿ ಬಂದುದು ಅವರಿಗೆ ಎಂತಹ ಸಂಕಟವೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ದಿನ ನಾನು ಅದೇ ಹೊತ್ತಿನಲ್ಲಿ ಆ ಕೋಣೆಯ ಹೊಸ್ತಿಲಲ್ಲಿ ನಿಂತು ನೋಡಿದೆನು. ಗೋಡೆ ಬಿಳುಪು, ದೀಪದ ಗುಂಡಿಗಳಿರುವ ಹಲಗೆಯೂ ಬಿಳುಪು. ನನ್ನ ಕಣ್ಣಿಗೇ ಅದು ಗೋಡೆಯಲ್ಲಿ ಅಡಗಿಕೊಂಡಂತಿತ್ತು. ಪೊರೆ ಬಂದ ಕಣ್ಣಿಗೆ ಪದಾರ್ಥಗಳ ಅಂಚುಗಳು ಮಸುಕಾಗುತ್ತವೆ. ಹತ್ತಿರ ಹತ್ತಿರದ ಎರಡು ಬಣ್ಣಗಳು ಬೆರೆತು ಒಂದಾಗಿ ತೋರುತ್ತವೆ. ಹೀಗಿರುವಾಗ ಬಿಳಿಯ ಗೋಡೆಯಲ್ಲಿ ಬಿಳಿಯ ಗುಂಡಿಯನ್ನು ಅವರು ಕಾಣುವುದಾದರೂ ಹೇಗೆ? ಇದರ ಮೇಲೆ ಹಗಲಿನಲ್ಲಿ ಬಿಳಿಯ ಗೋಡೆಯ ಝಳಪು ಬೇರೆ ಅವರ ಕಣ್ಣನ್ನು ನೋಯಿಸುತ್ತಿತ್ತು.

ಪ್ರತಿಯೊಂದು ಬಣ್ಣವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಅಚ್ಚಕಪ್ಪಿಗೆ ಸೊನ್ನೆ, ಅಚ್ಚಬಿಳುಪಿಗೆ 100 ಎಂದು ಇದನ್ನು ಎಣಿಸುತ್ತಾರೆ. ಕೆಲವು ತಯಾರಕರು ಎಲ್.ಆರ್.ವಿ. ಎಂಬ ಹೆಸರಿನಲ್ಲಿ ಈ ಅಂಕವನ್ನು ಪ್ರಕಟಿಸುವುದುಂಟು. ನೋಟ ಕುಂದಿದವರಿಗೆ ಕಟ್ಟಡದ ಒಂದು ಭಾಗ ಇನ್ನೊಂದರಿಂದ ಬೇರೆಯಾಗಿ ತೋರಬೇಕಾದರೆ ಎರಡರ ಅಂಕಗಳಿಗೂ ಸುಮಾರು 30ರ ಅಂತರವಿರಬೇಕೆಂದು ಬ್ರಿಟನ್ನಿನ ಕಟ್ಟಡದ ಮಾನದಂಡಗಳು ಹೇಳುತ್ತವೆ. ಬಿಳಿಯ ಗುಂಡಿಹಲಗೆಯನ್ನು 85 ಎಂದಿಟ್ಟುಕೊಂಡರೆ ಗೋಡೆ 55ರ ಆಸುಪಾಸಿನಲ್ಲಿರಬೇಕಾಯಿತು. ಅದಕ್ಕಿಂತ ಬಹಳ ಕೆಳಗಿಳಿದರೆ ಉತ್ತರದ ಕೋಣೆ ಹಗಲಿನಲ್ಲಿಯೇ ಕತ್ತಲಾಗುವುದು. ಅಲ್ಲದೆ ತೇಗದ ಬಾಗಿಲಿನ ಚೌಕಟ್ಟು ಗೋಡೆಯಲ್ಲಿ ಕರಗುವುದು. ಎಲ್ಲವನ್ನೂ ಕೂಡಿ ಕಳೆದು ನೋಡಿದಾಗ ಉತ್ತರವು ನಡುತರದ ಬೂದುಬಣ್ಣವೆಂದೇ ಬಂದಿತು. ಮಹಾವಿದ್ಯಾಲಯದಲ್ಲಿ ಓದುತ್ತಿರುವ ಮಗಳಿಗೆ ಬಹಳ ಸಂತೋಷವಾಯಿತು. ಅವಳ ಗೆಳತಿಯರ ಮನೆಗಳಲ್ಲಿ ಅದೇ ಬಣ್ಣವಂತೆ.

ಅತ್ತೆಯವರಿಗೆ ಮಾತ್ರ ಸಂತೋಷವಾಗಲಿಲ್ಲ. ಸುದ್ದಿ ಕಿವಿಗೆ ಬಿದ್ದೊಡನೆ, “ಏನಮ್ಮಾ, ನಾನಿನ್ನೂ ಉಸಿರಾಡುತ್ತಿರುವಾಗಲೇ ಗೋಡೆಗೆ ಬೂದಿ ಬಳಿಸುತ್ತೀಯಾ?” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಮಗಳು ಏನೋ ಉತ್ತರ ಕೊಡಹೊರಟಳು, ಕಣ್ಸನ್ನೆಯಿಂದ ತಡೆದೆನು. ಮನೆಯವರು, “ಅಮ್ಮನಿಗೆ ಬೇಡವಾದರೆ ಬೇಡ” ಎಂದರು. ಕೋಣೆ ಅವರದು, ಅವರು ಒಪ್ಪದ ಬಣ್ಣ ಅಲ್ಲಿ ಏರಕೂಡದೆಂಬುದರಲ್ಲಿ ನನಗೂ ಸಂದೇಹವಿರಲಿಲ್ಲ. ಆದರೆ ಅವರು ನಿರಾಕರಿಸಿದ್ದು ಹೆಸರನ್ನು. ಬಣ್ಣವನ್ನು ಅವರಿನ್ನೂ ನೋಡಿರಲಿಲ್ಲ. ಆದುದರಿಂದ ಮೊದಲು ತೋರಿಸೋಣ, ಆಮೇಲೆ ಕೇಳೋಣ ಎಂದು ನಿಶ್ಚಯಿಸಿದೆವು.

ಬಣ್ಣವನ್ನು ತೋರಿಸುವುದಕ್ಕೂ ಒಂದು ಕ್ರಮವುಂಟು. ಅಂಗೈಗಿಂತ ಚಿಕ್ಕದಾದ ಚೀಟಿಯಿಂದ ಕೋಣೆಯನ್ನು ಊಹಿಸಲಾಗದು. ನಾಲ್ಕು ಗೋಡೆಗಳಿಗೂ ಒಂದೇ ಬಣ್ಣ ಬಂದಾಗ ಅವು ಒಂದರ ಬೆಳಕನ್ನೊಂದು ಹಿಡಿದು ಹಿಂದಿರುಗಿಸಿ, ಚೀಟಿಯಲ್ಲಿ ಸೌಮ್ಯವಾಗಿದ್ದ ಛಾಯೆಯನ್ನು ಗಾಢಮಾಡುತ್ತವೆ. ಹಳೆಯ ಗೋಡೆಯ ಮೇಲೆಯೇ ಒಂದು ಪಟ್ಟೆ ಬಳಿದು ನೋಡುವುದೂ ಸಾಲದು. ಸುತ್ತಲಿನ ಬಿಳುಪಿನ ನಡುವೆ ಯಾವ ಬೂದುಬಣ್ಣವಾದರೂ ಇದ್ದುದಕ್ಕಿಂತ ಕಪ್ಪಾಗಿಯೇ ಕಾಣುವುದು. ನಾವು ಎರಡಡಿ ಚೌಕದ ಪ್ಲೈವುಡ್ ಹಲಗೆಗಳನ್ನು ತರಿಸಿ, ಒಂದೊಂದಕ್ಕೂ ಒಂದೊಂದು ಬಣ್ಣವನ್ನು ಎರಡೆರಡು ಸಲ ಬಳಿಸಿ, ಪೂರ್ತಿ ಒಣಗಲು ಬಿಟ್ಟೆವು. ಸುಣ್ಣವು ಒಣಗಿದಂತೆಲ್ಲ ಬೆಳ್ಳಗಾಗುವುದನ್ನು ನೋಡಿ ಬೆಳೆದವರು ನಾವು. ಈ ಕಾಲದ ಎಮಲ್ಷನ್ ಬಣ್ಣವಾದರೋ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಹಸಿಯಾಗಿರುವಾಗ ನೋಡಿ ತೀರ್ಮಾನಿಸಬಾರದೆಂಬುದು ಇದರಿಂದ ಸ್ಪಷ್ಟ.

ಮೊದಲನೆಯ ಹಲಗೆಯದು ಬಿಳುಪಿಗೆ ಕಪ್ಪನ್ನು ಮಾತ್ರ ಬೆರೆಸಿದ ಬಣ್ಣ. ಅಂಗಡಿಯ ದೀಪದಲ್ಲಿ ಅದು ಯಾವ ಛಾಯೆಯೂ ಇಲ್ಲದ ಶುದ್ಧ ಬೂದುಬಣ್ಣವಾಗಿದ್ದಿತು. ನಮ್ಮ ಕೋಣೆಗೆ ತಂದಿಟ್ಟರೆ ನೀಲಿಗೆ ತಿರುಗಿತು. ಉತ್ತರದ ಕಿಟಕಿಗೆ ಹೆಚ್ಚಾಗಿ ಬರುವುದು ನೇರವಾದ ಬಿಸಿಲಲ್ಲ, ಆಕಾಶದ ಬೆಳಕು. ಅದರಲ್ಲಿ ನೀಲಿಯ ಅಂಶ ಹೆಚ್ಚು. ಆದರೆ ಉತ್ತರದ ಕೋಣೆಗೆ ಬಿಸಿಲೇ ಬೀಳದೆಂದು ಶೀತದೇಶಗಳವರು ಬರೆದ ಪುಸ್ತಕಗಳಲ್ಲಿ ಓದಿ ನಾವೂ ಹಾಗೆಯೇ ನಂಬಬೇಕಾದುದಿಲ್ಲ. ಮೈಸೂರು ಇರುವುದು ಹನ್ನೆರಡು ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆಯೂ ಸಂಜೆಯೂ ಓರೆಬಿಸಿಲು ಆ ಕಿಟಕಿಯನ್ನು ಹೊಕ್ಕು ಹೋಗುವುದುಂಟು. ಆದುದರಿಂದ ಆರಿಸಿದ ಬಣ್ಣವು ತಂಪುಬೆಳಕಿನಲ್ಲಿ ಸಪ್ಪೆಯಾಗಿಯೂ ಇರಬಾರದು, ಬಿಸಿಲಿನಲ್ಲಿ ಹಳದಿಗೆ ತಿರುಗಲೂ ಬಾರದು.

ನೆಲದ ಸಂಗತಿಯೊಂದು ಉಳಿದಿದ್ದಿತು. 1824ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಗೋಬ್ಲೆನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು ನೇಮಕಗೊಂಡರು. ಅಲ್ಲಿಯ ಕಪ್ಪು ನೂಲಿಗೆ ಕಸುವು ಸಾಲದೆಂಬ ದೂರು ಬಂದಾಗ, ದೋಷವಿರುವುದು ಕಪ್ಪಿನಲ್ಲಲ್ಲ, ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳಲ್ಲಿ ಎಂಬುದನ್ನು ಅವರು ಕಂಡುಹಿಡಿದರು; 1839ರಲ್ಲಿ ಇದರ ಮೇಲೆ ದೊಡ್ಡದೊಂದು ಗ್ರಂಥವನ್ನೇ ಪ್ರಕಟಿಸಿದರು. ಪ್ರತಿಯೊಂದು ಬಣ್ಣವೂ ತನ್ನ ನೆರೆಯ ಬಣ್ಣವನ್ನು ತನ್ನ ವಿರುದ್ಧದ ಕಡೆಗೆ ತಳ್ಳುತ್ತದೆಯೆಂಬುದು ಅದರ ಸಾರ. ಛಾಯೆಯಿಲ್ಲದ ಬೂದುಬಣ್ಣಕ್ಕೆ ಈ ತಳ್ಳಾಟವನ್ನು ತಡೆಯುವ ಶಕ್ತಿ ಬಹು ಕಡಮೆ. ನಮ್ಮ ಕೆಂಪುನೆಲದ ಮೇಲೆ ನಿಲ್ಲಿಸಿದ ಕೂಡಲೆ ಮೊದಲನೆಯ ಹಲಗೆಯಲ್ಲಿ ನೀಲಿಯೊಡನೆ ಹಸುರೂ ಸುಳಿದಾಡಿತು. ಹಸುರುಛಾಯೆಯ ಎರಡನೆಯ ಹಲಗೆಯಾದರೋ ಪಾಚಿ ಹಿಡಿದಂತಾಯಿತು. ಮೂರನೆಯದಕ್ಕೆ ಹಳದಿಮಣ್ಣಿನ ಬಣ್ಣವನ್ನೂ ಕಾವಿಯನ್ನೂ ಚಿಟಿಕೆಯಷ್ಟು ಸೇರಿಸಿದ್ದರು. ಅಂಗಡಿಯಲ್ಲಿ ಕಂದಿದಂತೆ ತೋರಿದ ಆ ಬಣ್ಣವೇ ಕೆಂಪುನೆಲದ ಪಕ್ಕದಲ್ಲಿ, ಉತ್ತರದ ಬೆಳಕಿನಲ್ಲಿ, ಅತ್ತ ನೀಲಿಗೂ ಇತ್ತ ಕಂದಿಗೂ ವಾಲದೆ ನೆಟ್ಟಗೆ ನಿಂತಿತು.

ಅಷ್ಟರಲ್ಲಿ ಅತ್ತೆಯವರ ಬಲಗಣ್ಣಿನ ಪೊರೆಯನ್ನು ತೆಗೆಸಿ ತಿಂಗಳು ಕಳೆದಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಮೂರು ಹಲಗೆಗಳನ್ನೂ ಗೋಡೆಗೆ ಒರಗಿಸಿ, ಯಾವ ಹೆಸರನ್ನೂ ಎತ್ತದೆ, ಅವರನ್ನು ಕರೆದು ಕುರ್ಚಿಯಲ್ಲಿ ಕುಳ್ಳಿರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಬಳಿಕ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರು. ಇನ್ನೊಂದನ್ನು ಮುಚ್ಚಿಕೊಂಡು ನೋಡಿದರು. “ಇದೇನೇ ವಿಚಿತ್ರ! ಈ ಕಣ್ಣಿಗೊಂದು ಬಣ್ಣ, ಆ ಕಣ್ಣಿಗೊಂದು ಬಣ್ಣ!” ಎಂದು ನಕ್ಕರು. ಮೊದಲನೆಯ ಹಲಗೆ ಬಲಗಣ್ಣಿಗೆ ನೀಲಿ, ಎಡಗಣ್ಣಿಗೆ ಹೊಗೆ ಹಿಡಿದ ಅಡಿಗೆಮನೆಯ ಗೋಡೆ!

ಇದರಲ್ಲಿ ವಿಚಿತ್ರವೇನೂ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗೆ ತಿರುಗುತ್ತದೆ; ಪೊರೆ ಬಲಿತಂತೆ ಆ ಹಳದಿಯೂ ಬಲಿಯುತ್ತದೆ. ಹಳದಿ ಗಾಜಿನ ಮೂಲಕ ಲೋಕವನ್ನು ನೋಡುವವರಿಗೆ ನೀಲಿ ದಕ್ಕುವುದಿಲ್ಲ. ಆ ಮಸೂರವನ್ನು ತೆಗೆದು ತಿಳಿಯಾದುದೊಂದನ್ನು ಕೂಡಿಸಿದಾಗ ವರ್ಷಗಳಿಂದ ಕಾಣದಿದ್ದ ನೀಲಿಯೆಲ್ಲ ಒಮ್ಮೆಗೇ ಒಳನುಗ್ಗುತ್ತದೆ. ಫ್ರಾನ್ಸ್ ದೇಶದ ಪ್ರಸಿದ್ಧ ಚಿತ್ರಕಾರ ಕ್ಲೋದ್ ಮೊನೆಯವರಿಗೆ 1923ರಲ್ಲಿ ಒಂದು ಕಣ್ಣಿನ ಪೊರೆ ತೆಗೆದಾಗ ಅವರೂ ಹೀಗೆಯೇ ಬಣ್ಣಗಳ ವಿಷಯದಲ್ಲಿ ಕಳವಳಪಟ್ಟರು. ಜೀವಮಾನವೆಲ್ಲ ಬಣ್ಣದೊಡನೆ ಬಾಳಿದವರ ಗತಿಯೇ ಹೀಗಾದರೆ ನಮ್ಮಂಥವರ ಪಾಡೇನು!

ಹಾಗಾದರೆ ಯಾವ ಕಣ್ಣಿನ ತೀರ್ಪನ್ನು ನಂಬತಕ್ಕದ್ದು? ನಾನು ಕೇಳುವುದಕ್ಕೆ ಮೊದಲೇ ಅತ್ತೆಯವರು ಅದನ್ನು ಬಗೆಹರಿಸಿದರು. “ಎಡಗಣ್ಣಿನ ಮಾತು ಕಟ್ಟಿಕೊಂಡು ಏನಮ್ಮಾ? ನಾಲ್ಕು ತಿಂಗಳಿಗೆ ಅದೂ ಈ ಬಲಗಣ್ಣಿನ ಹಾಗೇ ಆಗುತ್ತೆ. ಇನ್ನು ಮುಂದೆ ನಾನು ನೋಡೋದು ಈ ಕಣ್ಣಿನಲ್ಲೇ” ಎಂದು ಎಡಗಣ್ಣನ್ನು ಮುಚ್ಚಿಕೊಂಡು ಮತ್ತೊಮ್ಮೆ ನೋಡಿದರು. “ಮುಂದೆ” ಎಂಬ ಮಾತು ಬಿದ್ದ ದಿನದಿಂದ ಅವರ ಬಾಯಲ್ಲಿ ಬಂದುದನ್ನು ನಾನು ಅಂದೇ ಕೇಳಿದ್ದು. ಮೂರನೆಯ ಹಲಗೆಯತ್ತ ಕೈ ತೋರಿಸಿ, “ಇದು ನಮ್ಮ ತವರಿನ ಒರಳುಕಲ್ಲಿನ ಬಣ್ಣ. ರುಬ್ಬಿ ತೊಳೆದು ಒಣಗಿದ ಮೇಲೆ ಹೀಗೇ ಇರುತ್ತಿತ್ತು. ಇದು ಇರಲಿ” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದನ್ನು ಬೂದುಬಣ್ಣವೆಂದು ಯಾರೂ ಕರೆದುದಿಲ್ಲ.

ಇಂತಹ ಕೆಲಸಕ್ಕೆ ಕೈಹಾಕತಕ್ಕವರಿಗೆ ಉಪಯೋಗವಾದೀತೆಂದು ಉಳಿದ ವಿವರಗಳನ್ನೂ ಬರೆಯುತ್ತೇನೆ. ಹಲಗೆಯನ್ನು ಒಂದೇ ಹೊತ್ತಿನಲ್ಲಿ ನೋಡಿ ಬಿಡದೆ ಬೆಳಿಗ್ಗೆ, ನಡುಹಗಲು, ಮುಸ್ಸಂಜೆ, ದೀಪ ಹಚ್ಚಿದ ಮೇಲೆ, ಹೀಗೆ ನಾಲ್ಕು ಸಲ ನೋಡಬೇಕು. ಮುಸ್ಸಂಜೆಯ ಮಬ್ಬಿನಲ್ಲಿ ಮನುಷ್ಯರ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. ದೀಪದ ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಅಂಕವಿರುತ್ತದೆ: 2700 ಎಂದರೆ ಹಳದಿಬೆಳಕು, 6500 ಎಂದರೆ ನೀಲಿಬೆರೆತ ಬಿಳಿಬೆಳಕು. ದೀಪ ಬದಲಾದರೆ ಗೋಡೆಯೂ ಬದಲಾಗುವುದರಿಂದ ಎರಡನ್ನೂ ಜೊತೆಯಲ್ಲಿಯೇ ಆರಿಸತಕ್ಕದ್ದು. ನಾವು ನಡುವಣ 4000ದ ದೀಪವನ್ನು ಹಾಕಿಸಿದೆವು. ಕೋಣೆ ಹನ್ನೆರಡಡಿಗೆ ಹತ್ತಡಿ, ಎತ್ತರ ಹತ್ತಡಿ. ಬಾಗಿಲು ಕಿಟಕಿ ಕಳೆದು ಗೋಡೆ ಸುಮಾರು 400 ಚದರ ಅಡಿ. ಲೀಟರಿಗೆ ಎರಡು ಕೋಟು ಬಳಿದರೆ 120 ಚದರ ಅಡಿಯಂತೆ ಲೆಕ್ಕ ಹಾಕಿ, ನಾಲ್ಕು ಲೀಟರನ್ನು ಒಂದೇ ಸಲ ಬೆರೆಸಿ ತಂದೆವು. ಅರ್ಧದಲ್ಲಿ ಮುಗಿದು ಮತ್ತೆ ಬೆರೆಸಿದರೆ ಎರಡು ಬೆರಕೆಗಳು ಕೂದಲೆಳೆಯಷ್ಟಾದರೂ ಬೇರೆಯಾಗುವುದುಂಟು. ಬೂದುಬಣ್ಣದಲ್ಲಿ ಅದು ಬೇಗ ಕಣ್ಣಿಗೆ ಬೀಳುವುದು.

ಹಳೆಯ ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದೆ ಬಾಗಿಲು ಕಿಟಕಿಗಳಿಗೆ ಬಳಿದ ಬಣ್ಣದಲ್ಲಿ ಸೀಸ ಹೆಚ್ಚಾಗಿರಬಹುದು. ಅದನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿಸಬಾರದು. ಒದ್ದೆಮಾಡಿ ಉಜ್ಜಿಸಿ, ಹುಡಿಯನ್ನು ಒದ್ದೆಬಟ್ಟೆಯಿಂದ ಒರಸಿ ತೆಗೆಸಬೇಕು. ಆ ದಿನಗಳಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕಡೆ ಬಿಡಬಾರದು.

ಗೋಡೆಯ ಕೆಲಸ ಮೂರು ದಿನಗಳಲ್ಲಿ ಮುಗಿಯಿತು. ಮಂಚವನ್ನು ಕಿಟಕಿಯ ಕಡೆಗೆ ಸರಿಸಿ ಬಾಗಿಲಿನಿಂದ ದೀಪದ ಗುಂಡಿಯವರೆಗೆ ದಾರಿಯನ್ನು ತೆರವುಮಾಡಿದೆವು. ಮೊದಲ ಕೆಲವು ಸಂಜೆ ಅತ್ತೆಯವರು ನಡುಮನೆಯಲ್ಲಿಯೇ ಕುಳಿತಿದ್ದರು. ನಾವು ಯಾರೂ ಒತ್ತಾಯಮಾಡಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ನಾನು ಅಡಿಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದೆನು. ಅವರ ಕೋಣೆಯ ದೀಪದ ಬೆಳಕು ನಡುಮನೆಯ ನೆಲದ ಮೇಲೆ ಬಿದ್ದಿತು. ನಾನು ಹೋಗಿ ನೋಡಲಿಲ್ಲ. ಒಲೆ ಆರಿಸಿ ಒಂದು ಗಳಿಗೆ ಸುಮ್ಮನೆ ನಿಂತಿದ್ದೆನು.

ಬಳಿದು ಉಳಿದ ಬಣ್ಣ ಅರ್ಧ ಲೀಟರಿನಷ್ಟಿದೆ. ಮುಂದೆ ಗೋಡೆ ಎಲ್ಲಿಯಾದರೂ ಕೆರೆದರೆ ಬೇಕಾದೀತೆಂದು ಮುಚ್ಚಳವನ್ನು ಭದ್ರಪಡಿಸಿ, ಬೆರಕೆಯ ಸಂಖ್ಯೆಯನ್ನೂ ತಾರೀಖನ್ನೂ ಬರೆದ ಚೀಟಿಯನ್ನು ಅಂಟಿಸಿ ಅಟ್ಟದ ಮೇಲೆ ಇಟ್ಟಿದ್ದೇವೆ. ಹೆಸರಿನ ಜಾಗದಲ್ಲಿ ಮಗಳು ದಪ್ಪಕ್ಷರದಲ್ಲಿ “ಅಜ್ಜಿಯ ಒರಳುಕಲ್ಲು” ಎಂದು ಬರೆದಿದ್ದಾಳೆ.